ಲಿನಕ್ಸ್‌ನಲ್ಲಿ ಸರಿ, ವಿಂಡೋಸ್‌ನಲ್ಲಿ ಕ್ರ್ಯಾಶ್: ಪೋಸ್ಟ್‌ಗ್ರೆಸ್ ಎಕ್ಸ್‌ಟೆನ್ಶನ್, ಶೇರ್ಡ್ ಮೆಮೊರಿ

ಪ್ರಶ್ನೆ:
ನಮಸ್ಕಾರ. ಪೋಸ್ಟ್‌ಗ್ರೆಸ್ 16 ಡೇಟಾಬೇಸ್‌ಗೆ ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಶನ್ನನ್ನು ಶೇರ್ಡ್ ಪ್ರಿಲೋಡ್ ಲೈಬ್ರರೀಸ್ (ಸರ್ವರ್ ಏಳುವಾಗಲೇ ಲೋಡ್ ಆಗುವ ಲೈಬ್ರರಿಗಳ ಪಟ್ಟಿ) ಸಾಲಿನಲ್ಲಿ ಸೇರಿಸಿದೆ. 40 ಎಂಬಿಯ ಪದಕೋಶದ ಫೈಲನ್ನು ಪಿಜಿ ಇನಿಟ್ ಫಂಕ್ಷನ್‌ನಲ್ಲೇ (ಲೈಬ್ರರಿ ಲೋಡ್ ಆದೊಡನೆ ಓಡುವ ಫಂಕ್ಷನ್) ಓದುತ್ತದೆ. ಎಷ್ಟು ಸಲ ಹುಡುಕಿದರೆಂಬ ಲೆಕ್ಕ ಎಲ್ಲ ಪ್ರೋಸೆಸ್‌ಗಳೂ ಹಂಚಿಕೊಳ್ಳುವ ಶೇರ್ಡ್ ಮೆಮೊರಿಯಲ್ಲಿದೆ. ಲಿನಕ್ಸ್‌ನಲ್ಲಿ ತೊಂದರೆಯಿಲ್ಲ. ಅದೇ ಕೋಡನ್ನು ವಿಂಡೋಸ್‌ನಲ್ಲಿ ಕಂಪೈಲ್ ಮಾಡಿದರೆ ಸರ್ವರ್ ಏಳುತ್ತದೆ, ಮೊದಲ ಕ್ವೆರಿಗೇ ಬ್ಯಾಕೆಂಡ್ (ಆ ಕನೆಕ್ಷನ್ ನೋಡಿಕೊಳ್ಳುವ ಪ್ರೋಸೆಸ್) 0ಎಕ್ಸ್‌ಸಿ0000005 (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಎಂದು ಸಾಯುತ್ತದೆ, ಉಳಿದ ಕನೆಕ್ಷನ್‌ಗಳೂ ಕಡಿದುಹೋಗುತ್ತವೆ. ಲೆಕ್ಕದ ಭಾಗ ತೆಗೆದರೆ ಕ್ರ್ಯಾಶ್ ಇಲ್ಲ, ಆದರೆ ಪ್ರತಿ ಹೊಸ ಕನೆಕ್ಷನ್ ತೆರೆಯಲು ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಪೋಸ್ಟ್‌ಗ್ರೆಸ್ ಥ್ರೆಡ್ ಬಳಸುತ್ತದೆಯೇ? ಲಾಕ್ ಹಾಕದ್ದಕ್ಕೆ ಹೀಗಾಗುತ್ತಿದೆಯೇ?

ಉತ್ತರ 1:
ಥ್ರೆಡ್ ಅಲ್ಲ. ವಿಂಡೋಸ್‌ನಲ್ಲೂ ಕನೆಕ್ಷನ್‌ಗೆ ಒಂದು ಪ್ರೋಸೆಸ್ಸೇ. ಒರಾಕಲ್ ಮಾತ್ರ ವಿಂಡೋಸ್‌ಗೆ ಹೋದಾಗ ಎಲ್ಲವನ್ನೂ ಒಂದೇ ಪ್ರೋಸೆಸ್‌ನೊಳಗೆ ಥ್ರೆಡ್ ಮಾಡಿಕೊಂಡಿತು. ಮೈಎಸ್‌ಕ್ಯೂಎಲ್ ಎರಡೂ ಕಡೆ ಥ್ರೆಡ್. ಪೋಸ್ಟ್‌ಗ್ರೆಸ್ 2005ರಲ್ಲಿ 8.0 ಆವೃತ್ತಿಯೊಂದಿಗೆ ನೇರವಾಗಿ ವಿಂಡೋಸ್‌ಗೆ ಬಂದಾಗ ಪ್ರೋಸೆಸ್ ಮಾದರಿಯನ್ನೇ ಉಳಿಸಿಕೊಂಡಿತು. ತೊಡಕು ಇರುವುದು ಆ ಪ್ರೋಸೆಸ್ ಹುಟ್ಟುವ ಬಗೆಯಲ್ಲಿ.

ಲಿನಕ್ಸ್‌ನಲ್ಲಿ ಪೋಸ್ಟ್‌ಮಾಸ್ಟರ್ (ಸರ್ವರ್‌ನ ತಾಯಿ ಪ್ರೋಸೆಸ್) ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ನಕಲನ್ನು ಹುಟ್ಟಿಸುತ್ತದೆ. ಮಗು ಪ್ರೋಸೆಸ್‌ಗೆ ತಾಯಿಯ ಗ್ಲೋಬಲ್ ವೇರಿಯಬಲ್, ಪಾಯಿಂಟರ್ (ಮೆಮೊರಿಯ ವಿಳಾಸ), ಓದಿಟ್ಟ ಪದಕೋಶ ಎಲ್ಲ ಹಾಗೇ ಸಿಗುತ್ತವೆ. ವಿಂಡೋಸ್‌ನಲ್ಲಿ ಫೋರ್ಕ್ ಇಲ್ಲ. ಕ್ರಿಯೇಟ್‌ಪ್ರೋಸೆಸ್ ಮೂಲಕ ಅದೇ ಪ್ರೋಗ್ರಾಮ್ ಬರಿಗೈಯಲ್ಲಿ ಶುರುವಾಗುತ್ತದೆ. ಬೇಕಾದ ಕೆಲವೇ ವೇರಿಯಬಲ್‌ಗಳನ್ನು ಪೋಸ್ಟ್‌ಮಾಸ್ಟರ್ ಕಟ್ಟಿಕೊಡುತ್ತದೆ; ಮಗು ಶೇರ್ಡ್ ಮೆಮೊರಿಗೆ ಅಂಟಿಕೊಂಡು, ಪ್ರಿಲೋಡ್ ಲೈಬ್ರರಿಗಳನ್ನು ಮತ್ತೆ ಲೋಡ್ ಮಾಡುತ್ತದೆ. ಅಂದರೆ ನಿಮ್ಮ ಪಿಜಿ ಇನಿಟ್ ಪ್ರತಿ ಕನೆಕ್ಷನ್‌ಗೂ ಓಡುತ್ತದೆ. ಒಂದು ಸೆಕೆಂಡ್ ಹೋಗುತ್ತಿರುವುದು ಅಲ್ಲಿಯೇ: 40 ಎಂಬಿ ಫೈಲನ್ನು ಪ್ರತಿ ಸಲ ಹೊಸದಾಗಿ ಓದಿ ಬಿಡಿಸುತ್ತಿದ್ದೀರಿ.

ಕ್ರ್ಯಾಶ್‌ಗೆ ಕಾರಣ ತಿಳಿಯಲು, ಶೇರ್ಡ್ ಮೆಮೊರಿ ಸ್ಟಾರ್ಟಪ್ ಹುಕ್ (ಶೇರ್ಡ್ ಮೆಮೊರಿ ಸಜ್ಜಾಗುವಾಗ ಪೋಸ್ಟ್‌ಗ್ರೆಸ್ ಕರೆಯುವ ನಿಮ್ಮ ಫಂಕ್ಷನ್) ಹೇಗೆ ಬರೆದಿದ್ದೀರಿ ತೋರಿಸಿ.

ಪ್ರಶ್ನೆ ಕೇಳಿದವರು:
ಶೇರ್ಡ್ ಮೆಮೊರಿ ಇನಿಟ್ ಸ್ಟ್ರಕ್ಟ್ ಕರೆದು, ಬಂದ ವಿಳಾಸವನ್ನು ಲೋಕಲ್ ವೇರಿಯಬಲ್‌ನಲ್ಲಿ ಇಟ್ಟಿದ್ದೇನೆ. ‘ಫೌಂಡ್’ (ಆ ಜಾಗ ಮೊದಲೇ ಸಜ್ಜಾಗಿದೆಯೇ ಎಂದು ಹೇಳುವ ಗುರುತು) ಸುಳ್ಳಾಗಿದ್ದರೆ ಮಾತ್ರ ಲೆಕ್ಕವನ್ನು ಸೊನ್ನೆ ಮಾಡಿ, ಆ ವಿಳಾಸವನ್ನು ಗ್ಲೋಬಲ್ ಪಾಯಿಂಟರ್‌ಗೆ ಹಾಕುತ್ತೇನೆ.

ಉತ್ತರ 1:
ಸಿಕ್ಕಿತು. ಈ ಹುಕ್ ವಿಂಡೋಸ್‌ನಲ್ಲಿ ಪ್ರತಿ ಮಗುವಿನಲ್ಲೂ ಓಡುತ್ತದೆ, ಆದರೆ ಅಲ್ಲಿ ‘ಫೌಂಡ್’ ಯಾವಾಗಲೂ ನಿಜ. ನಿಮ್ಮ ಗ್ಲೋಬಲ್ ಪಾಯಿಂಟರ್ ನಲ್ (ಖಾಲಿ) ಆಗಿಯೇ ಉಳಿಯುತ್ತದೆ. ಲಿನಕ್ಸ್‌ನಲ್ಲಿ ಅದು ತಾಯಿಯಿಂದ ನಕಲಾಗಿ ಬರುವುದರಿಂದ ತಪ್ಪು ಮುಚ್ಚಿಹೋಗಿತ್ತು. ಪಾಯಿಂಟರ್ ಹಾಕುವ ಸಾಲನ್ನು ಷರತ್ತಿನ ಹೊರಗೆ ತನ್ನಿ. ಸೊನ್ನೆ ಮಾಡುವುದು, ಸ್ಪಿನ್‌ಲಾಕ್ ಸಜ್ಜು ಮಾಡುವುದು ಒಳಗೇ ಇರಲಿ. ಇಡೀ ಭಾಗಕ್ಕೆ ಆಡಿನ್ ಶ್ಮೆಮ್ ಇನಿಟ್ ಲಾಕನ್ನು ಎಕ್ಸ್‌ಕ್ಲೂಸಿವ್ ಆಗಿ ಹಿಡಿಯಿರಿ. ಒಬ್ಬ ಬ್ಯಾಕೆಂಡ್ ಹೀಗೆ ಸತ್ತರೆ ಶೇರ್ಡ್ ಮೆಮೊರಿ ಕೆಟ್ಟಿರಬಹುದೆಂದು ಪೋಸ್ಟ್‌ಮಾಸ್ಟರ್ ಎಲ್ಲರನ್ನೂ ಕೊಂದು ಮತ್ತೆ ಶುರುಮಾಡುತ್ತದೆ, ಉಳಿದ ಕನೆಕ್ಷನ್‌ಗಳು ಕಡಿದದ್ದು ಅದಕ್ಕೇ.

ಉತ್ತರ 2:
ಪದಕೋಶದ ಬಗ್ಗೆ. 15ನೇ ಆವೃತ್ತಿಯಿಂದ ಜಾಗ ಕೇಳಬೇಕಾದದ್ದು ಶೇರ್ಡ್ ಮೆಮೊರಿ ರಿಕ್ವೆಸ್ಟ್ ಹುಕ್‌ನಲ್ಲಿ. ಫೈಲ್ ಓದುವುದನ್ನು ಪಿಜಿ ಇನಿಟ್‌ನಿಂದ ತೆಗೆದು, ಸ್ಟಾರ್ಟಪ್ ಹುಕ್‌ನಲ್ಲಿ ‘ಫೌಂಡ್’ ಸುಳ್ಳಾದಾಗ ಒಂದೇ ಸಲ ಓದಿ ನೇರವಾಗಿ ಆ ಜಾಗಕ್ಕೆ ತುಂಬಿ. ಪ್ಯಾಲಾಕ್‌ನಿಂದ (ಒಂದು ಪ್ರೋಸೆಸ್‌ನ ಸ್ವಂತ ಮೆಮೊರಿ ಕೊಡುವ ಫಂಕ್ಷನ್) ಪಡೆದ ಮೆಮೊರಿಯ ವಿಳಾಸವನ್ನು ಮಾತ್ರ ಅಲ್ಲಿಟ್ಟರೆ ಪ್ರಯೋಜನವಿಲ್ಲ, ಬೇರೆ ಪ್ರೋಸೆಸ್‌ಗೆ ಅದು ಬರೀ ಅಂಕಿ.

ಮುಖ್ಯ ಶೇರ್ಡ್ ಮೆಮೊರಿ ಎಲ್ಲ ಬ್ಯಾಕೆಂಡ್‌ಗಳಲ್ಲೂ ಒಂದೇ ವಿಳಾಸಕ್ಕೆ ಕೂರುತ್ತದೆ, ಹಾಗಾಗಿ ಅದರೊಳಗಿನಿಂದ ಅದರೊಳಕ್ಕೇ ತೋರಿಸುವ ಪಾಯಿಂಟರ್ ನಡೆಯುತ್ತದೆ. ಸರ್ವರ್ ನಿಲ್ಲಿಸದೆ ಪದಕೋಶ ಬದಲಿಸಬೇಕೆಂದರೆ ಡೈನಮಿಕ್ ಶೇರ್ಡ್ ಮೆಮೊರಿ ಬೇಕು. ಅದು ಒಂದೊಂದು ಪ್ರೋಸೆಸ್‌ನಲ್ಲಿ ಒಂದೊಂದು ವಿಳಾಸದಲ್ಲಿ ಕೂರಬಹುದು, ಅಲ್ಲಿ ಪಾಯಿಂಟರ್ ಬದಲು ಆಫ್‌ಸೆಟ್ (ಆರಂಭದಿಂದ ಇರುವ ದೂರ) ಇಡಿ.

ಇನ್ನೊಂದು: ಶೇರ್ಡ್ ಮೆಮೊರಿಯಲ್ಲಿ ಫಂಕ್ಷನ್ ಪಾಯಿಂಟರ್ ಎಲ್ಲಿಯಾದರೂ ಇದೆಯೇ ನೋಡಿ. ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಎಲ್ಲ ಪ್ರೋಸೆಸ್‌ಗಳಲ್ಲೂ ಒಂದೇ ಜಾಗದಲ್ಲಿ ಲೋಡ್ ಆಗುತ್ತದೆಂಬ ಖಾತ್ರಿಯಿಲ್ಲ. ಸಾಮಾನ್ಯವಾಗಿ ಆಗುತ್ತದೆ, ಅಪಾಯವಿರುವುದೇ ಅದರಲ್ಲಿ: ತಿಂಗಳುಗಟ್ಟಲೆ ನಡೆದು ಒಂದು ದಿನ ಬೀಳುತ್ತದೆ. ಸಿ ಸ್ಟ್ರಿಂಗ್ ಲಿಟರಲ್‌ನ ವಿಳಾಸಕ್ಕೂ ಇದೇ ಮಾತು. 10ನೇ ಆವೃತ್ತಿಯಲ್ಲಿ ಬ್ಯಾಕ್‌ಗ್ರೌಂಡ್ ವರ್ಕರ್‌ನ ಫಂಕ್ಷನ್ ಪಾಯಿಂಟರ್ ತೆಗೆದು, ಲೈಬ್ರರಿಯ ಹೆಸರು, ಫಂಕ್ಷನ್‌ನ ಹೆಸರು ಎರಡನ್ನೇ ಉಳಿಸಿದ್ದು ಈ ಕಾರಣಕ್ಕೆ.

ಪ್ರಶ್ನೆ ಕೇಳಿದವರು:
ಕ್ರ್ಯಾಶ್ ನಿಂತಿತು, ಕನೆಕ್ಷನ್ ತಕ್ಷಣ ತೆರೆಯುತ್ತಿದೆ. ಹೋಲಿಕೆ ಮಾಡುವ ಫಂಕ್ಷನ್‌ನ ವಿಳಾಸ ನಿಜಕ್ಕೂ ಶೇರ್ಡ್ ಸ್ಟ್ರಕ್ಟ್‌ನಲ್ಲಿತ್ತು, ಅಂಕಿಯ ಗುರುತಿಗೆ ಬದಲಿಸಿದೆ. ಇಂಥ ತಪ್ಪುಗಳನ್ನು ಲಿನಕ್ಸ್‌ನಲ್ಲೇ ಹಿಡಿಯಲು ದಾರಿ ಇದೆಯೇ?

ಉತ್ತರ 1:
ಇದೆ, ಎಲ್ಲರೂ ಬಳಸಬೇಕಾದ ದಾರಿ. ಪೋಸ್ಟ್‌ಗ್ರೆಸ್ಸನ್ನೂ ಎಕ್ಸ್‌ಟೆನ್ಶನ್ನನ್ನೂ ಎಕ್ಸೆಕ್ ಬ್ಯಾಕೆಂಡ್ ಮ್ಯಾಕ್ರೊ ಕೊಟ್ಟು ಕಂಪೈಲ್ ಮಾಡಿ. ಆಗ ಲಿನಕ್ಸ್‌ನಲ್ಲೂ ಫೋರ್ಕ್ ಆದ ಮೇಲೆ ಎಕ್ಸೆಕ್ ಆಗಿ (ಪ್ರೋಗ್ರಾಮ್ ಹೊಸದಾಗಿ ಲೋಡ್ ಆಗಿ), ವಿಂಡೋಸ್‌ನ ಹಾಗೆ ಮಗು ಬರಿಗೈಯಲ್ಲಿ ಶುರುವಾಗುತ್ತದೆ. ನಿಮ್ಮ ನಲ್ ಪಾಯಿಂಟರ್ ಮೊದಲ ಕ್ವೆರಿಗೇ ಬಿದ್ದು, ಜಿಡಿಬಿ ಡೀಬಗರ್‌ನಲ್ಲಿ ಸಾಲಿನ ಸಮೇತ ಸಿಗುತ್ತಿತ್ತು. ಶೇರ್ಡ್ ಮೆಮೊರಿ ಅದೇ ವಿಳಾಸಕ್ಕೆ ಕೂರಲು, ಪ್ರತಿ ಸಲ ಮೆಮೊರಿಯ ವಿಳಾಸಗಳನ್ನು ಲಿನಕ್ಸ್ ಅದಲುಬದಲು ಮಾಡುವುದನ್ನು ನಿಲ್ಲಿಸಬೇಕಾಗಬಹುದು: ಸೆಟ್‌ಆರ್ಚ್ ಆಜ್ಞೆಗೆ ದೊಡ್ಡಕ್ಷರದ ಆರ್ ಆಯ್ಕೆ ಕೊಟ್ಟು ಸರ್ವರ್ ಏಳಿಸಿ. ಒಂದು ಎಚ್ಚರ: ಹಾಗೆ ನಿಲ್ಲಿಸಿದಾಗ ಲೈಬ್ರರಿಗಳೂ ಒಂದೇ ಜಾಗದಲ್ಲಿ ಕೂರುತ್ತವೆ, ಆದ್ದರಿಂದ ಫಂಕ್ಷನ್ ಪಾಯಿಂಟರ್ ತಪ್ಪು ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದನ್ನು ಕೋಡ್ ಓದಿಯೇ ಹಿಡಿಯಬೇಕು.

ಉತ್ತರ 3:
ವಿಂಡೋಸ್ ಲಾಗ್‌ನಲ್ಲಿ ಮುಂದೆ ಈ ಎರಡು ದೋಷಸಂಖ್ಯೆಗಳಲ್ಲಿ ಯಾವುದಾದರೂ ಕಂಡರೆ ಎಕ್ಸ್‌ಟೆನ್ಶನ್ ಮೇಲೆ ಅನುಮಾನ ಪಡುವ ಮೊದಲು ಇದು ನೋಡಿ. ‘ಶೇರ್ಡ್ ಮೆಮೊರಿಗೆ ಮತ್ತೆ ಅಂಟಿಕೊಳ್ಳಲಾಗಲಿಲ್ಲ’ ಎಂಬ ಸಂದೇಶದ ಜೊತೆ 487 ಬಂದರೆ, ಬೇಕಾದ ವಿಳಾಸದಲ್ಲಿ ಇನ್ನೇನೋ ಕೂತಿದೆ. ಪೋಸ್ಟ್‌ಮಾಸ್ಟರ್ ಮಗುವನ್ನು ತಡೆದ ಸ್ಥಿತಿಯಲ್ಲಿ ಹುಟ್ಟಿಸಿ, ಆ ಜಾಗವನ್ನು ಮೊದಲೇ ಕಾಯ್ದಿರಿಸಿ, ಆಮೇಲೆ ಓಡಿಸುತ್ತದೆ. ಆದರೂ ಎಲ್ಲ ಪ್ರೋಸೆಸ್‌ಗೂ ಡಿಎಲ್‌ಎಲ್ ತುರುಕುವ ಆಂಟಿವೈರಸ್ ಇದ್ದರೆ ಸಮಸ್ಯೆ ಬರಬಹುದು. ಪೋಸ್ಟ್‌ಗ್ರೆಸ್ಸನ್ನು ಅದರ ವಿನಾಯಿತಿ ಪಟ್ಟಿಗೆ ಸೇರಿಸಿ ನೋಡಿ.

0ಎಕ್ಸ್‌ಸಿ0000142 ಬಂದರೆ, ಅದೂ ಸರ್ವಿಸ್ ಆಗಿ ಓಡುವಾಗ ನೂರಿಪ್ಪತ್ತರ ಆಸುಪಾಸಿನ ಕನೆಕ್ಷನ್ ದಾಟಿದ ಮೇಲೆ, ಡೆಸ್ಕ್‌ಟಾಪ್ ಹೀಪ್ (ವಿಂಡೋಸ್ ಮೀಸಲಿಡುವ ಸೀಮಿತ ಮೆಮೊರಿ) ಮುಗಿದಿರುವ ಸಾಧ್ಯತೆ ಹೆಚ್ಚು. ಹಳೆಯ ವಿಂಡೋಸ್‌ಗಳಲ್ಲಿ ಸರ್ವಿಸ್‌ಗಳಿಗೆ ಸಿಗುತ್ತಿದ್ದದ್ದು 512 ಕೆಬಿ. ಒಂದು ಬ್ಯಾಕೆಂಡ್ ಮೂರು ಕೆಬಿಗೂ ಸ್ವಲ್ಪ ಹೆಚ್ಚು ತಿನ್ನುತ್ತಿತ್ತು. ರಿಜಿಸ್ಟ್ರಿಯ ಸೆಷನ್ ಮ್ಯಾನೇಜರ್, ಸಬ್‌ಸಿಸ್ಟಮ್ಸ್ ಕೆಳಗೆ ಶೇರ್ಡ್‌ಸೆಕ್ಷನ್ ಎಂಬಲ್ಲಿ ಮೂರು ಅಂಕಿಗಳಿರುತ್ತವೆ; ಬೇಕಾದದ್ದು ಮೂರನೆಯದು. ಅದನ್ನು ಸ್ವಲ್ಪವೇ ಏರಿಸಿ, ಯಂತ್ರವನ್ನು ರೀಸ್ಟಾರ್ಟ್ ಮಾಡಿ. ಆದರೆ ವಿಂಡೋಸ್‌ನಲ್ಲಿ ಪ್ರೋಸೆಸ್ ಹುಟ್ಟಿಸುವುದು ದುಬಾರಿ. ಇನ್ನೂರು ಕನೆಕ್ಷನ್ ಬೇಕೆನಿಸಿದರೆ ಪಿಜಿಬೌನ್ಸರ್‌ನಂಥ ಪೂಲರ್ (ಹಲವು ಕನೆಕ್ಷನ್‌ಗಳನ್ನು ಕೆಲವೇ ಬ್ಯಾಕೆಂಡ್‌ಗಳಿಗೆ ಹಂಚುವ ಪ್ರೋಗ್ರಾಮ್) ಮುಂದಿಟ್ಟು, ಹಿಂದೆ 30 ಬ್ಯಾಕೆಂಡ್‌ಗಳಿಂದ ಶುರುಮಾಡಿ ನೋಡಿ.