ಅಪ್‌ಡೇಟ್: ಅಪ್ಪನ ಬೆನ್ನುನೋವಿಗೆ ನರದ ಇಂಜೆಕ್ಷನ್

ಅಪ್ಪನಿಗೆ ಸೊಂಟದಿಂದ ಹೆಬ್ಬೆರಳವರೆಗೆ ಸೆಳೆತ, ನರಕ್ಕೆ ಇಂಜೆಕ್ಷನ್ ಕೊಡಿಸಬಹುದಾ ಅಂತ ಶಿರಸಿಯಿಂದ ಕೇಳಿದ್ದೆ. ಹುಬ್ಬಳ್ಳಿಯಲ್ಲಿ ಕೊಡಿಸಿದೆವು.

ಬೋರಲು ಮಲಗಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಎಲ್5 ನರದ (ಸೊಂಟದಿಂದ ಕಾಲಿಗೆ ಇಳಿಯುವ ನರಗಳಲ್ಲೊಂದು) ಬುಡಕ್ಕೆ ಸೂಜಿ ಒಯ್ದರು. ಮೊದಲು ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟು ಜಾಗ ಸರಿಯಿದೆಯಾ ನೋಡಿದರು. ಆಮೇಲೆ ಮರಗಟ್ಟಿಸುವ ಮದ್ದು, ಜೊತೆಗೆ ಸ್ಟೀರಾಯ್ಡ್. ಸ್ವಲ್ಪ ಹೊತ್ತಿಗೇ ಅಪ್ಪ ಎದ್ದು ಕೂತು, "ಹೋತಲೋ ತಮಾ!" ಅಂದರು. ಹಾಗೆ ನೋವು ಇಳಿದರೆ ಆ ನರದ್ದೇ ತಕರಾರು ಅನ್ನೋದಕ್ಕೆ ಒಳ್ಳೆ ಸುಳಿವು. ಪರೀಕ್ಷೆಯೂ ಆಯ್ತು, ಮದ್ದೂ ಆಯ್ತು.

ರಾತ್ರಿ ನೋವು ವಾಪಸ್! ಅಮ್ಮನಿಗೆ ಗಾಬರಿ. ಮರಗಟ್ಟಿಸುವ ಮದ್ದು ಕೆಲವೇ ಗಂಟೆ, ಸ್ಟೀರಾಯ್ಡ್ ಹಿಡಿಯೋಕೆ ಕೆಲವು ದಿನ ಬೇಕು.

ಈಗ ಜಾಸ್ತಿ ನೋವಿಲ್ಲ. ಶುಗರ್ ಇರುವವರು ಮೊದಲೇ ಡಾಕ್ಟರಿಗೆ ಹೇಳಿ, ಸ್ಟೀರಾಯ್ಡ್‌ನಿಂದ ಕೆಲ ದಿನ ಏರುತ್ತದೆ. ಅಪ್ಪನ ವ್ಯಾಯಾಮ ಮಾತ್ರ ಅಮ್ಮ ಬೈದರಷ್ಟೇ ನಡೆಯುತ್ತಿದೆ.