ಅಪ್‌ಡೇಟ್: ಅಮ್ಮನ ಜಪಾನ್ ಪ್ರಯಾಣಕ್ಕೆ ಬಾಡಿಗೆ ಫೋನ್

ಜಪಾನಿನಲ್ಲಿರೋ ನನ್ನ ತಂಗಿ ಮನೆಗೆ ಮೂರು ವಾರ ಹೊರಟಿದ್ದ ಅಮ್ಮನಿಗೆ ಅಲ್ಲೇ ಬಾಡಿಗೆ ಫೋನ್ ತಗೊಳ್ಳೋದಾ ಅಂತ ಕೇಳಿದ್ದೆ ಅಲ್ವಾ, ಅಮ್ಮ ಮೊನ್ನೆ ತೀರ್ಥಹಳ್ಳಿಗೆ ವಾಪಸ್ ಬಂದರು. ಬಾಡಿಗೆಗೇ ತಗೊಂಡೆವು, ಒಳ್ಳೆಯದೇ ಆಯಿತು. ಅಮ್ಮನ ಕೀಪ್ಯಾಡ್ ಫೋನ್ 2ಜಿ, ಅಂದರೆ ಜಿಎಸ್‌ಎಂ ಅನ್ನೋ ಹಳೇ ಥರದ ನೆಟ್‌ವರ್ಕಿನಲ್ಲಿ ಮಾತ್ರ ನಡೆಯೋದು; ಜಪಾನಿನಲ್ಲಿ ಆ ನೆಟ್‌ವರ್ಕ್ ಯಾವತ್ತೂ ಇರಲೇ ಇಲ್ಲ, ರೋಮಿಂಗ್ ಹಾಕಿಸಿದ್ದರೂ ದುಡ್ಡು ದಂಡ.

ಮೊದಲ ದಿನ ಕಾಲ್ ಹೋಗಲಿಲ್ಲ. ನಮ್ಮ ತೋಟದ ಮನೆಯಲ್ಲಿ ಸಿಗ್ನಲ್ ಸಿಗೋದಿಲ್ಲ, ಲ್ಯಾಂಡ್‌ಲೈನೇ ಗತಿ. ಅಮ್ಮ ರೂಢಿಯಂತೆ ನಮ್ಮೂರಿನ ಎಸ್‌ಟಿಡಿ ಕೋಡ್ 08181 ಒತ್ತುತ್ತಿದ್ದರು. ಮೊದಲಿನ ಸೊನ್ನೆ ಬಿಟ್ಟು, ಭಾರತದ ಕೋಡ್ ಸೇರಿಸಿ +91 8181 ಹಾಕಬೇಕು. ತಂಗಿ ಅದನ್ನು ಚೀಟಿಯಲ್ಲಿ ದಪ್ಪಕ್ಕೆ ಬರೆದು ಫೋನಿನ ಹಿಂದೆ ಅಂಟಿಸಿದಳು. ಆ ರಾತ್ರಿ "ಅಡಿಕೆ ಕೊನೆ ತೆಗೆಸಿದ್ರಾ?" ಅಂತ ಅಮ್ಮನ ಧ್ವನಿ ಕೇಳಿ ಅಪ್ಪನ ಕಣ್ಣು ತುಂಬಿತು.

ವಾಪಸ್ ಕೊಡೋ ಮುಂಚೆ ಫೋಟೋ, ನಂಬರ್ ಎಲ್ಲ ಅಳಿಸಿಬಿಡಿ.