ಎಸ್‌ಟಿ ಟರ್ಮಿನಲ್‌ನಲ್ಲಿ ಒತ್ತಕ್ಷರ ಮಾಯ, ಅಜ್ಜನ ಮಳೆ ಲೆಕ್ಕ ಓದೋಕಾಗ್ತಿಲ್ಲ

ಕಕ್ಕಬ್ಬೆ ತೋಟದಿಂದ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಕಕ್ಕಬ್ಬೆ ಹತ್ತಿರ ಕಾಫಿ ತೋಟ. ಅಜ್ಜ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟ್‌ನಲ್ಲಿ ಬರೆದಿಟ್ಟ ನೋಟ್‌ಬುಕ್‌ಗಳಿವೆ (ತೋಟದ ಲೆಕ್ಕದಲ್ಲಿ 1 ಇಂಚಿಗೆ 100 ಸೆಂಟ್). ಹೋದ ಮಳೆಗಾಲದಲ್ಲಿ ಒಂದಕ್ಕೆ ಬೂಷ್ಟು ಹಿಡಿದು ಹಾಳೆಗಳೆಲ್ಲ ಅಂಟಿಕೊಂಡವು. ಬಿಡಿಸಲು ಹೋದರೆ ಶಾಯಿಯೂ ಕಿತ್ತು ಬಂತು. ಉಳಿದದ್ದನ್ನಾದರೂ ಟೈಪ್ ಮಾಡಿಡೋಣ ಅಂತ ಅವತ್ತೇ ಕೂತೆ.

ಲ್ಯಾಪ್‌ಟಾಪ್ ಹಳೆಯದು, 2 ಜಿಬಿ ರ‍್ಯಾಮ್, ಡೆಬಿಯನ್ ಲಿನಕ್ಸ್, ಐ3 ವಿಂಡೋ ಮ್ಯಾನೇಜರ್. ಆಷಾಢದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ಅದಕ್ಕೇ ಹಗುರವಾದ ಎಸ್‌ಟಿ (ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ ಕಿಟಕಿ) ಹಾಕಿದೆ. ಕಂಪೈಲ್ ಮಾಡಲು ಮೊದಲ ಸಲ ಮೇಕ್ ಆದೇಶ ಕೊಟ್ಟಾಗ, ಅಕ್ಷರ ಬಿಡಿಸುವ ಎಕ್ಸ್‌ಎಫ್‌ಟಿ ಲೈಬ್ರರಿಯ ಹೆಡರ್ ಫೈಲ್ ಸಿಗಲಿಲ್ಲ ಅಂತ ನಿಂತಿತು. ಲಿಬ್‌ಎಕ್ಸ್11, ಲಿಬ್‌ಎಕ್ಸ್‌ಎಫ್‌ಟಿ ಎರಡರ ಡೆವ್ ಪ್ಯಾಕೇಜ್ ಹಾಕಿದ ಮೇಲೆ ಸರಿಹೋಯಿತು. ಸೆಟ್ಟಿಂಗ್‌ಗಳಿರುವ ಕಾನ್ಫಿಗ್.ಎಚ್ ಫೈಲ್‌ನಲ್ಲಿ ಅಕ್ಷರ ದೊಡ್ಡದು ಮಾಡಿ, ಹಿನ್ನೆಲೆ ಬಣ್ಣ ಬದಲಿಸಿ, ಮತ್ತೆ ಕಂಪೈಲ್ ಮಾಡಿದೆ. ಕ್ಷಣದಲ್ಲಿ ತೆರೆಯುತ್ತೆ, ಖುಷಿಯಾಯಿತು.

ಆದರೆ ಕನ್ನಡ! "ಕಕ್ಕಬ್ಬೆ" ಅಂತ ಬರೆದರೆ "ಕಕಕಬಬ" ಅಂತ ಕಾಣುತ್ತೆ. "ಮಳೆ" ಹೋಗಿ "ಮಳ". ಗುಬ್ಬಿ, ನವಿಲು ಎರಡೂ ಫಾಂಟ್ ಹಾಕಿ ನೋಡಿದೆ, ಅದೇ ಕತೆ. ಫೈಲೇ ಕೆಟ್ಟಿತಾ ಅಂತ ಭಯ. ನೋಟ್‌ಬುಕ್ ಅಂತೂ ಹೋಯಿತು, ಇದೂ ಹೋದರೆ?

ಮಡಿಕೇರಿಯಿಂದ:
ಫೈಲಿಗೆ ಏನೂ ಆಗಿಲ್ಲ, ನಿಶ್ಚಿಂತೆಯಿಂದಿರಿ. ಫೈರ್‌ಫಾಕ್ಸ್‌ನಲ್ಲಿ ತೆರೆದು ನೋಡಿ, ಪೂರ್ತಿ ಕಾಣುತ್ತೆ.

ಎಸ್‌ಟಿಯ ಪರದೆ ಚೌಕಗಳ ಹಾಳೆ ಇದ್ದ ಹಾಗೆ, ಚೌಕಕ್ಕೊಂದೇ ಸಂಕೇತ. "ಕ್ಕ" ಅನ್ನೋದು ಯುನಿಕೋಡ್‌ನಲ್ಲಿ ಮೂರು ಸಂಕೇತ: ಕ, ಹಲಂತ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಕ. ಹಲಂತಕ್ಕೆ ಅಗಲ ಸೊನ್ನೆ. ಅದನ್ನು ಬರೆದ ಮೇಲೂ ಕರ್ಸರ್ ಮುಂದೆ ಹೋಗುವುದಿಲ್ಲ, ಹಾಗಾಗಿ ಮುಂದಿನ "ಕ" ಅದೇ ಚೌಕದಲ್ಲಿ ಬಂದು ಅದನ್ನು ಅಳಿಸುತ್ತೆ. ಎತ್ವದ ಗತಿಯೂ ಅದೇ. ಇನ್ನು ಹಲಂತ ಉಳಿದಿದ್ದರೂ ಒತ್ತು ಕೆಳಗಿಳಿಯಲು ಫಾಂಟಿನೊಳಗಿನ ನಿಯಮ ಓದಬೇಕು. ಹಾರ್ಫ್‌ಬಜ್‌ನಂಥ ಲೈಬ್ರರಿ ಮಾಡುವ ಆ ಕೆಲಸ ಎಸ್‌ಟಿಯಲ್ಲಿ ಇಲ್ಲವೇ ಇಲ್ಲ. ಫಾಂಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ನಾನೂ ಒಂದು ಇಡೀ ಭಾನುವಾರ ಫಾಂಟ್ ಹುಡುಕಿದವನೇ.

ಸೋಮವಾರಪೇಟೆಯಿಂದ:
ಅಕ್ಕ, ಎಂಎಲ್‌ಟರ್ಮ್ ಅನ್ನೋ ಇನ್ನೊಂದು ಟರ್ಮಿನಲ್ ಹಾಕಿ ನೋಡಿ, ಡೆಬಿಯನ್‌ನಲ್ಲೇ ಸಿಗುತ್ತೆ. ಬಹುಭಾಷೆಗೆಂದೇ ಮಾಡಿದ್ದು, ಹಗುರವೂ ಹೌದು. ಹೋಮ್ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ".ಎಂಎಲ್‌ಟರ್ಮ್" ಫೋಲ್ಡರ್ ಮಾಡಿ, ಒಳಗೆ "ಮೇನ್" ಅನ್ನೋ ಫೈಲ್‌ನಲ್ಲಿ ಈ ಸಾಲುಗಳು (ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು):

ಟೈಪ್_ಎಂಜಿನ್ = ಎಕ್ಸ್‌ಎಫ್‌ಟಿ
ಯೂಸ್_ಓಟಿ_ಲೇಔಟ್ = ಟ್ರೂ
ಯೂಸ್_ವೇರಿಯಬಲ್_ಕಾಲಮ್_ವಿಡ್ತ್ = ಟ್ರೂ
ಫಾಂಟ್‌ಸೈಜ್ = 18

ಎರಡನೆಯದು ಒತ್ತಕ್ಷರ ಕೂಡಿಸುತ್ತೆ. ಮೂರನೆಯದರಿಂದ ಅಕ್ಷರಕ್ಕೆ ತಕ್ಕ ಅಗಲ ಸಿಗುತ್ತೆ, ಆದರೆ ಕಾಲಮ್‌ಗಳು ಸೊಟ್ಟ ಆಗ್ತವೆ. ಅದಕ್ಕೆ ತಾರೀಖು, ಸೆಂಟ್ ಮೊದಲು ಬರೆದು, ಊರು ಮತ್ತು ಟಿಪ್ಪಣಿ ಸಾಲಿನ ಕೊನೆಗೆ ಹಾಕಿ. ಅಂಕಿಗಳು ನೇರ ನಿಲ್ಲುತ್ತವೆ. ಮತ್ತೆ, ದಯವಿಟ್ಟು ಫೈಲನ್ನು ಪೆನ್‌ಡ್ರೈವ್‌ಗೂ ಒಂದು ಕಾಪಿ ಮಾಡಿಡಿ.

ಕಕ್ಕಬ್ಬೆ ತೋಟದಿಂದ:
ಬಂತು! "ಬ್ಬೆ"ಯ ಒತ್ತು ಕೆಳಗೆ ಸರಿಯಾಗಿ ಕೂತಿದೆ. ಊರಿನ ಕಾಲಮ್ಮನ್ನು ಕೊನೆಗೆ ತಳ್ಳಿದೆ, ಪೆನ್‌ಡ್ರೈವ್‌ಗೂ ಹಾಕಿದೆ. ಬೇರೆ ಕೆಲಸಕ್ಕೆ ಎಸ್‌ಟಿ ಇರಲಿ, ಮಳೆ ಲೆಕ್ಕಕ್ಕೆ ಮಾತ್ರ ಇದೇ. ಅಜ್ಜಿಯನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಮಾರ್ಚ್ ತಿಂಗಳ ಒಂದು ಸಾಲು ಜೋರಾಗಿ ಓದಿದರು: "85 ಸೆಂಟ್, ಹೂಮಳೆ, ಕಕ್ಕಬ್ಬೆ." (ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ.) ಇಬ್ಬರಿಗೂ ತುಂಬಾ ಥ್ಯಾಂಕ್ಸ್.